ಅವಳ ಅಂಗೈಯ ಕೆಳಗೆ

ಎತ್ತಿ ಬಿಟ್ಟರು ಎಂದೇ ನನ್ನ ನೆನಪು. ಡಾಕ್ಟರು ಅವಳ ಎಡಗೈಯನ್ನು ಎತ್ತಿ ಹಿಡಿದರು, ಬಿಟ್ಟರು, ಅದು ಒದ್ದೆ ಬಟ್ಟೆಯಂತೆ ಹಾಸಿಗೆಯ ಮೇಲೆ ಬಿತ್ತು. ಆದರೆ ನನ್ನ ಹೆಂಡತಿ ನೀಲವ್ವನನ್ನು ಕೇಳಿದರೆ, ಅವರು ಕೈ ಮುಟ್ಟಲೇ ಇಲ್ಲ, ಮಂಚದ ಕಾಲದೆಸೆಯಲ್ಲಿ ನಿಂತು ನೋಡಿದರಷ್ಟೇ ಅನ್ನುತ್ತಾಳೆ. ಇಬ್ಬರೂ ಅಲ್ಲೇ ಇದ್ದೆವು. ಮೊದಲನೆಯ ಸಾಲಿಗೇ ಹೀಗೆ ಸಂಶಯ ಹತ್ತಿಕೊಂಡರೆ ಉಳಿದದ್ದನ್ನು ಇದನ್ನೋದುವ ಶರಣಬಂಧುಗಳು ಎಷ್ಟು ನಂಬುವರೋ ತಿಳಿಯದು. ಡಾಕ್ಟರು ಆಡಿದ ಮಾತಿನ ವಿಷಯದಲ್ಲಿ ಮಾತ್ರ ನಮ್ಮಿಬ್ಬರಲ್ಲಿ ಭೇದವಿಲ್ಲ.

“ಕಾಲು ಬರತೈತ್ರಿ. ಸುಗ್ಗಿ ಹೊತ್ತಿಗೆ ಅಂಗಳದಾಗ ಅಡ್ಡಾಡತಾಳ. ಕೈಯಿಂದು ಆಸೆ ಇಟ್ಗೋಬ್ಯಾಡ್ರಿ.”

ಅದು ಹುಬ್ಬಳ್ಳಿಯ ಒಂದು ದವಾಖಾನೆ. ಯುದ್ಧದ ಕಾಲ. ಶ್ರಾವಣದಲ್ಲಿ ಅಕ್ಕಿಆಲೂರಿನ ನಮ್ಮ ಮನೆಯಲ್ಲಿ ನೀಲವ್ವನಿಗೆ ವಿಷಮಜ್ವರ ಹಿಡಿದಿತ್ತು. ಜ್ವರ ಇಳಿಯುವ ಹೊತ್ತಿಗೆ ಅವಳ ಎಡಭಾಗ ಬಿದ್ದುಹೋಗಿತ್ತು.

ಮನೆಯಲ್ಲಿ ಏನೇನು ಕೆಲಸ ಮಾಡುತ್ತಿದ್ದಳೆಂದು ಡಾಕ್ಟರು ನನ್ನನ್ನೇ ಕೇಳಿದರು. ರೊಟ್ಟಿ ಬಡಿಯುವುದು ಎಂದೆ. ಆಗದು ಎಂದರು. ನೀರು ಸೇದುವುದು? ಆಗದು. ಮಗಳ ಹೆರಳು ಹಾಕುವುದು? ಇಲ್ಲವೆಂದು ತಲೆಯಾಡಿಸಿದರು. ಆಗ ಮಂಚದಿಂದ ಅವಳು, “ಲಿಂಗಪೂಜಾ?” ಎಂದಳು.

“ಯಾವ ಕೈಯಾಗ ಹಿಡೀತೀಯವ್ವ?”

“ಎಡಗೈಯಾಗರಿ.”

ಅವರು ಮುಂದಿನ ಮಂಚಕ್ಕೆ ಹೋದರು. ಪೂಜೆಯನ್ನು ನಾನು ಕೆಲಸಗಳ ಜೊತೆ ಹೇಳಿಯೇ ಇರಲಿಲ್ಲ. ಹೇಳಬೇಕೆಂದು ಹೊಳೆದಿರಲಿಲ್ಲ.

ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸದೆ ಅವಳು ಊಟ ಮುಟ್ಟಿದವಳಲ್ಲ. ಎಚ್ಚರ ಬಂದ ಮೇಲೆ ಹಾಲನ್ನಷ್ಟೇ ಕುಡಿದು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಪಕ್ಕದ ಮಂಚದ ರೋಗಿಯನ್ನು ನೋಡಲು ಬಂದಿದ್ದ ವಯಸ್ಸಾದ ಜಂಗಮ ಅಯ್ಯನವರೊಬ್ಬರಿಗೆ ಇದನ್ನು ಹೇಳಿಕೊಂಡೆ. “ಆಕೀ ಕೈ ಕೆಳಗ ನಿನ್ನ ಕೈ ಹಿಡಿಯಪ್ಪ,” ಎಂದರು. “ಕೈ ಎರಡಾದ್ರ ಶಿವಗೇನು ಬ್ಯಾಸರಿಲ್ಲ.”

ಅಂದಿನಿಂದ ಬೆಳಗಾದರೆ ಅವಳ ಅಂಗೈಯ ಕೆಳಗೆ ನನ್ನ ಅಂಗೈ. ಲಿಂಗ ಜಾರೀತೆಂಬ ಭಯಕ್ಕೆ ಬಿಗಿಯಾಗಿ ಹಿಡಿಯುತ್ತಿದ್ದೆ. ಅವಳು ಕಣ್ಣು ಮುಚ್ಚಿ ಬಲಗೈಯಿಂದ ನೀರೆರೆದು ಪತ್ರಿ ಏರಿಸುತ್ತಿದ್ದಳು. ನಾನು, ಈ ಕೈ ತಿರುಗಿ ಕೊಡು ಎಂದು ಬೇಡುತ್ತಿದ್ದೆ.

ಪೆಟ್ರೋಲು ಸಿಗದ ದಿನಗಳು, ಊರಿಗೆ ಬಂದದ್ದು ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ. ಏರು ಬಂದಲ್ಲಿ ಎಲ್ಲರೂ ಇಳಿದು ನೂಕಿದೆವು, ಅವಳೊಬ್ಬಳೇ ಒಳಗೆ ಕುಳಿತಿದ್ದಳು. ಡಾಕ್ಟರು ಹೇಳಿದಂತೆಯೇ ಕಾಲು ಬಂತು. ಗೋಡೆ ಹಿಡಿದು, ಆಮೇಲೆ ಬಿಟ್ಟು, ಕಾಲೆಳೆಯುತ್ತ ನಡೆದಳು. ಅವರ ಒಂದು ಮಾತು ನಿಜವಾದದ್ದನ್ನು ಕಂಡು ಇನ್ನೊಂದರ ಭಯ ನನಗೆ ಹೆಚ್ಚಿತು.

ಮನೆಯ ಹಿರಿಯನಾದ ನಮ್ಮ ಕಾಕಾನಿಗೂ ಹಾಗೇ ಅನ್ನಿಸಿರಬೇಕು. “ಒಂದ ಕೈಲೆ ಮನಿ ಹೆಂಗ ನಡಸ್ತಾಳ? ಸವಣೂರಾಗ ಒಂದು ಹೆಣ್ಣೈತಿ. ಯುಗಾದಿ ತನಕ ನೋಡೂಣು. ಆಮ್ಯಾಲೆ ಇಕೀನ್ನ ತವರಿಗೆ, ಹಿರೇಬೆಂಡಿಗೇರಿಗೆ ಕಳಿಸಿಬಿಡು, ಅಣ್ಣತಮ್ಮರು ಸಾಕತಾರ,” ಎಂದ. ನಾನು ಒಲ್ಲೆ ಎಂದೆ. ಆದರೆ ಒಲೆಯ ಮುಂದೆ ಕೆಮ್ಮುತ್ತ ಕೂರುವ ನಮ್ಮ ಅವ್ವನನ್ನು ನೋಡಿದಾಗ ನನ್ನ ‘ಒಲ್ಲೆ’ಗೆ ಬಲವಿರಲಿಲ್ಲ.

ನೀಲವ್ವನೇ ಒಂದು ದಿನ ಅಂದಳು: “ತರೂದಾದ್ರ ಕೈ ಗಟ್ಟಿ ಅದಾವೋ ಇಲ್ಲೋ ನೀವ ನೋಡಿ ತರ್ರಿ. ಕಾಕಾನ ಕಣ್ಣು ಮಂದ.” ಅವ್ವ ನಕ್ಕಳು. ನನಗೆ ನಗು ಬರಲಿಲ್ಲ.

ದಣಿವು ಬಂದದ್ದು ಆಮೇಲೆ. ಅದನ್ನೂ ಬರೆಯಬೇಕು. ಕೈ ಹಿಡಿಯುತ್ತಿದ್ದೆ, ಬೇಡುವುದನ್ನು ಬಿಟ್ಟಿದ್ದೆ. ಒಳಗೆ ಮಾತೇ ಇರಲಿಲ್ಲ. ಪೂಜೆ ಬೇಗ ಮುಗಿದರೆ ಸಾಕೆನ್ನಿಸಿದ ದಿನಗಳೂ ಇದ್ದವು.

ಮಾಘವಿರಬೇಕು. ನನಗೆ ಚಳಿಜ್ವರ ಹತ್ತಿತ್ತು. ನಮ್ಮ ಗದ್ದೆಸೀಮೆಯಲ್ಲಿ ಅದು ಬಾರದ ಮನೆಯಿಲ್ಲ. ಆದರೂ ಸ್ನಾನ ಮಾಡಿ ಅವಳ ಎದುರು ಕುಳಿತೆ. ನಡುವೆ ನಡುಕ ಬಂತು. ಹಲ್ಲು ಕಚ್ಚಿದೆ, ನಿಲ್ಲಲಿಲ್ಲ. ನಾನಾಗಿ ಕೈ ತೆಗೆದೆನೆಂದು ಹೇಳಲಾರೆ. ನಡುಕವೇ ಎಳೆದುಕೊಂಡಿತು, ಎರಡೂ ಕೈ ಕಂಕುಳಿಗೆ ಸೇರಿದವು. ಲಿಂಗ ಬಿದ್ದೇ ಹೋಯಿತೆಂದು ನೆಲ ನೋಡಿದೆ. ನೆಲದ ಮೇಲೆ ಏನೂ ಇರಲಿಲ್ಲ. ತಲೆ ಎತ್ತಿದರೆ ಲಿಂಗ ಅವಳ ಅಂಗೈಯಲ್ಲಿತ್ತು. ಅಂಗೈ ಬಟ್ಟಲಿನಂತೆ ಬಾಗಿತ್ತು.

“ನೀಲಾ, ನಿನ್ನ ಕೈ…”

“ಪೂಜಾ ಮುಗೀಲಿ. ಸುಮ್ಮ ಕುಂದರ್ರಿ,” ಎಂದಳು ಕಣ್ಣು ಮುಚ್ಚಿಯೇ.

ಮುಗಿಸಿ ಕಣ್ಣು ತೆರೆದು ನೋಡಿದಳು. ನನ್ನ ಕೈ ಎಲ್ಲಿವೆ, ತನ್ನ ಕೈ ಎಲ್ಲಿದೆ ಎಂದು ಎರಡೆರಡು ಸಲ ನೋಡಿದಳು.

“ಯಾವಾಗ ತಗದ್ರಿ?”

“ಈಗ.”

ಅವ್ವ ಬಾಗಿಲಿಗೆ ಬಂದಳು, ನೋಡಿದಳು. “ಯಾರಿಗೂ ಹೇಳಬ್ಯಾಡ್ರಿ. ಮೊದಲ ಕೈಗೆ ದೃಷ್ಟಿ ತಗೀತೇನಿ,” ಎಂದಳು.

ಆದರೂ ಸುದ್ದಿ ಕೇಳಿ ಸಂಜೆಗೆ ಕಾಕಾ ಬಂದ. ತುಂಬಿದ ತಂಬಿಗೆಯನ್ನು ಅವಳ ಎಡಗೈಗೆ ಕೊಟ್ಟು ಹಿಡಿ ಎಂದ. ಅದು ಬಿದ್ದು ಅವನ ಧೋತರ ತೊಯ್ದಿತು. “ಬಂದಿಲ್ಲ ಇನ್ನ,” ಎಂದ.

“ಬರತೈತ್ರಿ ಕಾಕಾ. ಮೊದಲ ದೇವರಿಗೆ ಬಂತು, ನಿಮ್ಮ ತಂಬಿಗಿಗೆ ಹಿಂದಾಗಡೆ ಬರತೈತಿ.”

ಹಾಗೇ ಆಯಿತು. ಯುಗಾದಿಗೆ ಮಗಳ ಹೆರಳು ಹಾಕಿದಳು, ಸಡಿಲಾಗಿ. ರೊಟ್ಟಿ ದಪ್ಪ, ಅಂಚು ಹರಿದಿರುತ್ತದೆ, ತಿನ್ನುತ್ತೇವೆ. ನೀರು ಸೇದಲು ಇಂದಿಗೂ ಆಗುವುದಿಲ್ಲ. ಸವಣೂರಿನ ಮಾತನ್ನು ಕಾಕಾ ಮತ್ತೆ ಎತ್ತಲಿಲ್ಲ.

ಬೇಸಿಗೆಯಲ್ಲಿ ಅವಳನ್ನು ಅದೇ ಡಾಕ್ಟರಿಗೆ ತೋರಿಸಿದೆ. ಬೆರಳು ಮಡಿಸಿ ಬಿಡಿಸಿ ನೋಡಿದರು. (ಈ ಸಲ ಮುಟ್ಟಿದರೆಂದು ಇಬ್ಬರೂ ಒಪ್ಪುತ್ತೇವೆ.) “ನಾ ಹೇಳಿದ್ದು ಅಂದಾಜ್ರಿ. ಹಿಂಗ ಬಿದ್ದ ಕೈ ತಿರುಗಿ ಬರದವರನ್ನ ಕಂಡಿದ್ದೆ, ಅದಕ್ಕ ಹಂಗ ಹೇಳಿದೆ,” ಎಂದರು. ಬೆಳಗಿನ ಪೂಜೆಯ ಸಂಗತಿ ಕೇಳಿ ನನ್ನತ್ತ ತಿರುಗಿದರು.

“ದಿನಾ ಕೆಳಗ ನೀವು ಹಿಡೀತಿದ್ರಿ ಅಂತೀರಿ. ಆಕೀ ಕೈ ನಿಮ್ಮ ಕೈಗೆ ಯಾವತ್ತಾರ ಹಗುರಾತೇನು?”

ಲಿಂಗ ಬೀಳದಂತೆ ಹಿಡಿಯುವುದಷ್ಟೇ ನನ್ನ ಗಮನದಲ್ಲಿತ್ತು, ಭಾರವನ್ನು ನೋಡಿರಲಿಲ್ಲ.

ಬಂಧುಗಳೇ, ಕೈ ಕೊಟ್ಟವನು ಶಿವನೇ. ಅದನ್ನು ಮೊದಲಿಗಿಂತ ಗಟ್ಟಿಯಾಗಿ ನಂಬುತ್ತೇನೆ; ನಾನು ಬೇಡುವುದನ್ನು ಬಿಟ್ಟ ಮೇಲೂ ಅವನು ಕೊಡುವುದನ್ನು ಬಿಡಲಿಲ್ಲ. ಆದರೆ ಯಾವ ದಿನ ಕೊಟ್ಟನೆಂದು ಹೇಳಲಾರೆ. ಆ ನಡುಕದ ಬೆಳಗ್ಗೆಯೋ, ಎಷ್ಟೋ ವಾರಗಳ ಹಿಂದೆಯೋ. ನಾನು ಅಷ್ಟು ಬಿಗಿಯಾಗಿ ಹಿಡಿದದ್ದರಿಂದ ಅದು ಬಂತೋ, ತಡವಾಯಿತೋ, ಅದೂ ನನಗೆ ಗೊತ್ತಿಲ್ಲ.