ಹತ್ತನೆಯ ಕುಳಿ

ಬೀಗ ರಿಪೇರಿಯವನಿಗೆ ಚೀನಾ ರಾಜರ ಹಳೇ ನಾಣ್ಯಗಳ ಹುಚ್ಚು. ದುಂಡನೆಯ ಹಿತ್ತಾಳೆ, ನಡುವೆ ಚೌಕ ತೂತು. ಆ ಭಾಷೆಯ ಒಂದಕ್ಷರ ಅವನಿಗೆ ಬಾರದು. ಚಿತ್ರದ ಪುಸ್ತಕವೊಂದನ್ನು ಪಕ್ಕದಲ್ಲಿಟ್ಟುಕೊಂಡು ಗುರುತು ಹಿಡಿಯುವುದನ್ನು ಕಲಿತಿದ್ದ.

“ಎಡಕ್ಕೆ ಬಲಕ್ಕೆ ಇರೋ ಅಕ್ಷರ ಎಲ್ಲದರಲ್ಲೂ ಒಂದೇ ಕಣೇ. ಮೇಲಿಂದು ಕೆಳಗಿಂದು ನೋಡು, ಯಾವ ರಾಜ ಅಂತ ಗೊತ್ತಾಗುತ್ತೆ.”

“ಮನೆಗೆ ಬಂದ ನೆಂಟರ ಗುರುತು ಸಿಗಲ್ಲ, ಸತ್ತ ರಾಜರದು ಸಿಗುತ್ತೆ,” ಅನ್ನುತ್ತಿದ್ದಳು ಹೆಂಡತಿ.

ಕೊನೆಯ ವಂಶದಲ್ಲಿ ಹತ್ತು ರಾಜರು. ಹಲಗೆಯೊಂದರಲ್ಲಿ ಹತ್ತು ಕುಳಿ ಕೊರೆದ. ಮೂವತ್ತು ವರ್ಷಕ್ಕೆ ಒಂಬತ್ತು ತುಂಬಿದವು. ಹತ್ತನೆಯದು, ಹಾಲುಗಲ್ಲದ ವಯಸ್ಸಲ್ಲೇ ಪಟ್ಟಕ್ಕೇರಿದ ಕೊನೆಯ ರಾಜನದು, ಎಲ್ಲಕ್ಕಿಂತ ಚಿಕ್ಕದು. ಅದು ಸಿಗಲಿಲ್ಲ. ಸಿಕ್ಕ ನಕಲಿಗಳು ಮಂಚದ ತಲೆದೆಸೆಯಲ್ಲಿದ್ದ ಬೂಟ್ ಪಾಲಿಶ್ ಡಬ್ಬಿಗೆ ಹೋದವು.

ಸಕ್ಕರೆ ಕಾಯಿಲೆ ಮೊದಲು ಕಣ್ಣು ತಿಂದಿತು, ಆಮೇಲೆ ಕಾಲು. ಮಂಚ ಹಿಡಿದ. ಹಲಗೆಯನ್ನು ಎದೆಯ ಮೇಲಿಟ್ಟುಕೊಂಡು ಬೆರಳಲ್ಲೇ ರಾಜರನ್ನು ಮುಟ್ಟುತ್ತ ಹೋಗುತ್ತಿದ್ದ. ಖಾಲಿ ಕುಳಿಗೆ ಬಂದಾಗ ಬೆರಳು ನಿಲ್ಲುತ್ತಿತ್ತು. ಅವಳಿಗೆ ನೋಡಲಾಗಲಿಲ್ಲ. ಅದೊಂದು ತುಂಬಿಸಿ ಕಳಿಸಬೇಕು ಅಂದುಕೊಂಡಳು.

ಅವಳು ಹೋಗಿ ಕೇಳಿದಾಗ ಗುಜರಿಯವನು ಬೀಗದ ಕೈ ಗೊಂಚಲಿನಿಂದ ಅಂಥದೇ ಒಂದು ಚಿಕ್ಕ ನಾಣ್ಯ ಬಿಚ್ಚಿ ಕೊಟ್ಟ. “ಅಕ್ಕ, ಇದು ನಿನ್ನೆ ಹುಟ್ಟಿದ ಕೂಸು. ಅಣ್ಣ ಮುಟ್ಟಿದ್ರೆ ನಮ್ಮಿಬ್ಬರ ಮಾನವೂ ಹೋಗುತ್ತೆ.”

“ಮುಪ್ಪು ನಾನು ಬರಿಸ್ತೀನಿ, ಕೊಡು.”

ಮೂರು ದಿನ ಬಟ್ಟೆ ಒಗೆಯುವ ಕಲ್ಲಿಗೆ ತಿಕ್ಕಿದಳು. ಎರಡೂ ಮುಖ, ಸುತ್ತಲ ಅಂಚು. ಅಕ್ಷರ ಸವೆಯಿತು, ಅವಳ ಉಗುರೂ ಸವೆಯಿತು. ಅವನ ಕೈಯಲ್ಲಿಟ್ಟಳು.

“ಗುಜರೀಲಿ ಸಿಕ್ತು ರೀ. ನಿಮ್ಮ ಹತ್ತನೆಯ ರಾಜನೇನಾ ನೋಡಿ.”

ಅವನು ತಿರುಗಿಸಿದ. ಹೆಬ್ಬೆರಳ ಉಗುರನ್ನು ತೂತಿನೊಳಗೆ ಆಡಿಸಿದ. ತುಂಬಾ ಹೊತ್ತು.

“ಅವನೇ. ಬಂದ,” ಅಂದ. “ನೀನು ಹೋಗಿ ಸ್ವಲ್ಪ ಒರಗಿಕೋ. ಮೂರು ದಿನದಿಂದ ಕೂತಿಲ್ಲ ನೀನು.”

ಅವಳು ಎದ್ದು ಬರುವಷ್ಟರಲ್ಲಿ ಹಲಗೆಯನ್ನು ತಾನೇ ಬಟ್ಟೆಯಲ್ಲಿ ಸುತ್ತಿ ದಿಂಬಿನ ಕೆಳಗಿಟ್ಟಿದ್ದ. ಮತ್ತೆ ತೆಗೆಯಲಿಲ್ಲ. ಮನಸ್ಸು ತುಂಬಿತು ಅಂತ ಅವಳು ತಿಳಿದಳು. ಹನ್ನೊಂದನೆಯ ದಿನ ಅವನು ಹೋದ. ಆಸೆ ತೀರಿಸಿಕೊಂಡು ಹೋದರು ಎಂದು ಬಂದವರಿಗೆಲ್ಲ ಹೇಳಿದಳು.

ತಿಂಗಳು ಕಳೆದ ಮೇಲೆ, ಅವನ ಜೊತೆ ನಾಣ್ಯ ಹುಡುಕುತ್ತಿದ್ದ ಮೇಷ್ಟ್ರನ್ನು ಕರೆಸಿ ಹಲಗೆ ಕೊಟ್ಟಳು. ಮೇಷ್ಟ್ರು ಬಟ್ಟೆ ಬಿಚ್ಚಿದರು. ಒಂಬತ್ತೇ ಇದ್ದವು.

ಅವಳು ಪಾಲಿಶ್ ಡಬ್ಬಿ ತೆರೆದಳು. ನಕಲಿಗಳೆಲ್ಲದರ ಮೇಲೆ ಅವಳು ತಿಕ್ಕಿದ ನಾಣ್ಯವೇ ಇತ್ತು.

ಮೇಷ್ಟ್ರು ತೆಗೆದು ನೋಡಿದರು. “ಹೊರಗೆಲ್ಲ ಚೆನ್ನಾಗಿ ಸವೆಸಿದಾರೆ ತಂಗಿ. ತೂತಿನ ಒಳಗೆ ಮಾತ್ರ ಇನ್ನೂ ಗರಗಸದ ಹಾಗೆ ಚುಚ್ಚುತ್ತೆ. ಹಳೇದನ್ನ ದಾರಕ್ಕೆ ಕೋದು ಕೋದು ಮೊದಲು ಸವೆಯೋದು ಅದೇ ಜಾಗ. ಕುರುಡನಿಗೂ ಗೊತ್ತಾಗುತ್ತೆ.”

ಅಂದ ಮೇಲೆ ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು.

“ಹಲಗೆ ತಗೊಂಡು ಹೋಗಿ,” ಅಂದಳು. “ಡಬ್ಬಿ ಇಲ್ಲೇ ಇರಲಿ.”

ಆಸೆ ತೀರಿಸಿಕೊಂಡು ಹೋದರು ಅನ್ನುವ ಮಾತನ್ನು ಅವತ್ತಿನಿಂದ ಯಾರಿಗೂ ಹೇಳಲಿಲ್ಲ.