ಧಬಧಬಾ ನೋಡಲು ಹೋದದ್ದು

ಮಳೆಗಾಲ ಶುರುವಾಯಿತೆಂದು ನನಗೆ ಮೊದಲು ತಿಳಿಸುವುದು ಎದುರುಮನೆಯವರ ಬೂಟುಗಳು. ಭಾನುವಾರ ನಸುಕಿನಲ್ಲೇ ಆ ಮನೆಯ ಗಂಡ ಹೆಂಡತಿ ಬೆನ್ನಿಗೊಂದೊಂದು ಚೀಲ ಏರಿಸಿಕೊಂಡು ಎಲ್ಲೋ ಬೆಟ್ಟಕ್ಕೆ ಹೋಗುತ್ತಾರೆ. ಸೋಮವಾರ ಬೆಳಿಗ್ಗೆ ಹಾಲು ತೆಗೆದುಕೊಳ್ಳಲೆಂದು ನಾನು ಬಾಗಿಲು ತೆರೆದರೆ, ಎರಡು ಜೊತೆ ಒದ್ದೆ ಬೂಟುಗಳು ಹೊಟ್ಟೆತುಂಬ ಹಳೇ ಮರಾಠಿ ಪೇಪರು ತುರುಕಿಸಿಕೊಂಡು ಗೋಡೆಗೊರಗಿ ಕೂತಿರುತ್ತವೆ. ಕೆಸರು, ರಬ್ಬರು, ಒಣಗದ ಬಟ್ಟೆ, ಎಲ್ಲ ಸೇರಿ ಒಂದು ವಾಸನೆ. ನಮ್ಮ ಮನೆಯವರು ಮೂಗು ಹಿಡಿದುಕೊಂಡು ಲಿಫ್ಟಿಗೆ ಓಡುತ್ತಾರೆ. ನಾನು ಮಾತ್ರ ಹಾಲಿನ ಪಾಕೀಟು ಹಿಡಿದು ಒಂದು ಗಳಿಗೆ ಅಲ್ಲೇ ನಿಲ್ಲುತ್ತೇನೆ. ಛೀ ಅನ್ನಬೇಡಿ. ಕೆಲವರಿಗೆ ಮಲ್ಲಿಗೆಯ ವಾಸನೆಗೆ ಮದುವೆ ನೆನಪಾಗುತ್ತದಂತೆ, ನನಗೆ ಇದಕ್ಕೆ.

ಪುಣೆಯವರಿಗೆ ಮಳೆಗಾಲದಲ್ಲಿ ಒಂದು ಹುಚ್ಚು ಹಿಡಿಯುತ್ತದೆ. ಮೈಸೂರಿನಲ್ಲಿ ನಾವು ಮಳೆ ಬಂದರೆ ಬಾಗಿಲು ಹಾಕಿಕೊಂಡು ಬೋಂಡ ಕರಿಯುವವರು. ಇಲ್ಲಿನವರು ಮಳೆ ಬಂದರೆ ಬಾಗಿಲು ತೆಗೆದುಕೊಂಡು ಹೊರಗೆ ಹೋಗುತ್ತಾರೆ. ಎಲ್ಲಿಗೆ ಎಂದು ಕೇಳಿದರೆ ‘ಧಬಧಬಾ’ ಎನ್ನುತ್ತಾರೆ. ಮರಾಠಿಯಲ್ಲಿ ಜಲಪಾತಕ್ಕೆ ಹಾಗನ್ನುತ್ತಾರೆಂದು ತಿಳಿಯದಿದ್ದಾಗ, ಇವರು ಯಾರದೋ ಬೆನ್ನಿಗೆ ಗುದ್ದಲು ಹೋಗುತ್ತಿದ್ದಾರೆ ಅಂದುಕೊಂಡಿದ್ದೆ. ಕಂಡ ಮೇಲೆ ಒಪ್ಪಿದೆ. ಜಲಪಾತ ಎಂಬ ನಮ್ಮ ಮಾತು ಫೋಟೋದ ಕೆಳಗೆ ಬರೆಯಲು ಚೆಂದ, ಅದರ ಅಡಿಯಲ್ಲಿ ತಲೆಯೊಡ್ಡಿ ನಿಂತವರಿಗೆ ಧಬಧಬಾ ಎಂಬುದೇ ಸರಿ.

ನಾನು ಮದುವೆಯಾಗಿ ಪುಣೆಯ ಕೋಥರೂಡಕ್ಕೆ ಬಂದು ಹತ್ತು ಹನ್ನೆರಡು ವರ್ಷವಾಯಿತು. ಮನೆಯವರದು ಧಾರವಾಡ ಕಡೆಯ ಮೂಲ, ಕೆಲಸ ಇಲ್ಲಿನ ಒಂದು ಕಚೇರಿಯಲ್ಲಿ. ಮನೆಯಲ್ಲಿ ಅವರು, ಅತ್ತೆ, ಹೊಸದಾಗಿ ನಾನು. ‘ಹೊರಗೆ ಮರಾಠಿಯಾದರೇನಂತೆ, ಮನೆಯಲ್ಲಿ ಕನ್ನಡ ಇದೆಯಲ್ಲ’ ಎಂದು ಅಪ್ಪ ಸಮಾಧಾನ ಹೇಳಿ ಕಳಿಸಿದ್ದರು. ಬಂದ ಮಾರನೆಯ ದಿನವೇ ಅತ್ತೆ, ‘ತಾಟ ಹಚ್ಚು’ ಎಂದರು. ನನಗೆ ಹಚ್ಚುವುದು ಎಂದರೆ ದೀಪ ಹಚ್ಚುವುದು, ಇಲ್ಲವೇ ಎಣ್ಣೆ ಹಚ್ಚುವುದು. ತಟ್ಟೆಗೆ ಏನು ಹಚ್ಚಲಿ ಎಂದು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತ ನಿಂತೆ. ಊಟಕ್ಕೆ ತಟ್ಟೆ ಇಡು ಎಂದು ಅರ್ಥವಂತೆ. ಸಂಜೆ, ‘ಅಕ್ಕಾಗ ಫೋನ್ ಹಚ್ಚು’ ಎಂದರು. ಫೋನಿಗೂ ಬೆಂಕಿ ಹಚ್ಚುವ ಮನೆಗೆ ಬಂದೆನಲ್ಲ ಶಿವನೇ ಎಂದುಕೊಂಡೆ.

ಈಗ ನಗುತ್ತೇನೆ, ಆಗ ನಗು ಬರುತ್ತಿರಲಿಲ್ಲ. ನನ್ನ ‘ಕಣ್ರೀ’, ‘ಹಂಗಲ್ಲಾರೀ’ ಕೇಳಿದರೆ ಅತ್ತೆಗೆ ಎಲ್ಲಿಲ್ಲದ ಖುಷಿ. ಪಕ್ಕದ ಮನೆಯವರನ್ನು ಕರೆತಂದು, ‘ನಮ್ಮ ಸೊಸಿ ಟೀವಿ ಒಳಗ ಮಾತಾಡಿಧಂಗ ಮಾತಾಡ್ತಾಳ, ಕೇಳ್ರಿ’ ಎಂದು ಕೂರಿಸುತ್ತಿದ್ದರು. ಅದು ಪ್ರೀತಿಯೇ. ಆದರೆ ಉಪ್ಪು ಕೇಳಿದರೂ ಕೇಳಲು ಜನ ಕೂರುತ್ತಾರೆಂದರೆ ಯಾರಿಗೆ ಬಾಯಿ ಬರುತ್ತದೆ ಹೇಳಿ? ಹೊರಗೆ ಹೋದರೆ ಮರಾಠಿ ತಿಳಿಯದು, ಒಳಗೆ ಬಂದರೆ ನನ್ನ ಭಾಷೆಯಲ್ಲೇ ನಾನು ಕಿವುಡಿ. ಮನೆಯವರೋ ಬಹಳ ಒಳ್ಳೆಯವರು, ಮಿತ ಮಾತಿನವರು. ಇಬ್ಬರು ಮೂಕರು ಒಬ್ಬರಿಗೊಬ್ಬರು ‘ಚಹಾ?’, ‘ಹೂಂ’ ಎಂದುಕೊಂಡು ದಿನ ದೂಡಿದ ಹಾಗಿತ್ತು.

ಅಷ್ಟರಲ್ಲಿ ಆಷಾಢ ಬಂತು. ಹೊಸ ಸೊಸೆ ಆ ತಿಂಗಳು ತವರಿನಲ್ಲಿರಬೇಕೆಂಬ ಪದ್ಧತಿಯನ್ನು ಯಾರು ಮಾಡಿದರೋ, ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಅಪ್ಪ ಕರೆದೊಯ್ಯಲು ಬರುವವರಿದ್ದರು. ನಾನು ಪೆಟ್ಟಿಗೆ ಕಟ್ಟಿದೆ. ಕಟ್ಟುವಾಗ ಕೈ ನಿಲ್ಲಲೇ ಇಲ್ಲ, ಮದುವೆಗೆ ಬಂದ ಸೀರೆಗಳ ಮೇಲೆ ಚಳಿಗಾಲದ ಸ್ವೆಟರೂ ಒಳಗೆ ಹೋಯಿತು. ಆಷಾಢದಲ್ಲಿ ಮೈಸೂರಿಗೆ ಸ್ವೆಟರು ಯಾಕೆ? ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಉತ್ತರ ಮಾತ್ರ ಒಳಗೆ ಗೊತ್ತಿತ್ತು. ಶ್ರಾವಣಕ್ಕೆ ವಾಪಸು ಬರುವ ಮನಸ್ಸು ನನಗಿರಲಿಲ್ಲ.

ಅಪ್ಪ ಬರುವುದಕ್ಕೆ ಮೊದಲಿನ ಭಾನುವಾರ ಮನೆಯವರು ಇದ್ದಕ್ಕಿದ್ದಂತೆ, ‘ಧಬಧಬಾ ನೋಡ್ಲಿಕ್ಕೆ ಹೋಗೂಣೇನು?’ ಎಂದರು. ಅಷ್ಟು ಉದ್ದದ ವಾಕ್ಯ ಅವರ ಬಾಯಿಂದ ಕೇಳಿ ನಾನು ಬೆರಗಾಗಿ ಹೂಂ ಅಂದುಬಿಟ್ಟೆ. ಅತ್ತೆ ಎದ್ದು ಬುತ್ತಿ ಕಟ್ಟಿದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ‘ನೀರಿಗಿ ಇಳೀಬ್ಯಾಡ್ರಿ, ಅಕಿನ್ನ ಜ್ವಾಕಿಲೆ ಕರಕೊಂಡ ಬಾ’ ಎಂದು ಮಗನಿಗೆ ಮೆಟ್ಟಿಲಿಳಿಯುವವರೆಗೂ ಹೇಳುತ್ತಲೇ ಇದ್ದರು.

ಸ್ಕೂಟರಿನಲ್ಲಿ ಕಾತ್ರಜ ಘಾಟು ಹತ್ತಿಳಿದು, ಭೋರ್ ದಾಟಿ ಇನ್ನೂ ಮುಂದೆ. ರಸ್ತೆ ಪಕ್ಕದ ಗದ್ದೆಗಳಲ್ಲಿ ಹೆಂಗಸರು ಬೆನ್ನಿಗೆ ಪ್ಲಾಸ್ಟಿಕ್ ಹೊದ್ದು ನಾಟಿ ಹಾಕುತ್ತಿದ್ದರು. ಒಂದು ಸಣ್ಣ ಊರಿನ ಕೊನೆಯಲ್ಲಿ, ಮುಸುಕಿನ ಜೋಳದ ತೆನೆ ಸುಡುವ ಅಜ್ಜಿಯ ಗುಡಿಸಲ ಪಕ್ಕ ಸ್ಕೂಟರು ನಿಲ್ಲಿಸಿ ಕಾಲುದಾರಿ ಹಿಡಿದೆವು. ನಮಗೆ ಬೆಟ್ಟ ಎಂದರೆ ಚಾಮುಂಡಿ ಬೆಟ್ಟ, ಬೆಟ್ಟ ಎಂದಮೇಲೆ ಮೆಟ್ಟಿಲಿರುತ್ತದೆ ಎಂದು ನಂಬಿಕೆ. ಹಾಗಾಗಿ ನಾನು ಮದುವೆಯ ಹೊಸ ಚಪ್ಪಲಿ ಹಾಕಿಕೊಂಡು ಹೋಗಿದ್ದೆ. ಮೊದಲ ಕೆಸರಿನಲ್ಲೇ ಒಂದರ ಪಟ್ಟಿ ಕಿತ್ತಿತು. ಮನೆಯವರು ಏನೂ ಅನ್ನದೆ ಕೂತು, ತಮ್ಮ ಕ್ಯಾನ್ವಾಸ್ ಬೂಟು ಬಿಚ್ಚಿ, ನನ್ನ ಕಾಲಿಗೆ ಹಾಕಿ, ತುದಿಗೆ ಕರ್ಚೀಫು ತುರುಕಿ, ದಾರ ಬಿಗಿದರು. ತಾವು ಬರಿಗಾಲಿನಲ್ಲಿ ನಡೆದರು. ಕಲ್ಲು ಚುಚ್ಚಿದಾಗಲೆಲ್ಲ ‘ಹಾ’ ಎಂದು ಮೆಲ್ಲಗೆ ಅಂದುಕೊಂಡು, ನಾನು ತಿರುಗಿದರೆ ನಗುತ್ತಿದ್ದರು.

ದಾರಿ ಹೊಳೆಯ ಪಕ್ಕದಲ್ಲೇ ಏರುತ್ತ ಹೋಗುತ್ತದೆ. ಒಂದು ಸಣ್ಣ ಧಬಧಬಾ, ಅದರ ಮೇಲೆ ಇನ್ನೊಂದು, ಪಾಚಿಗಟ್ಟಿದ ಬಂಡೆಗಳು, ಕಾಲ ಬಳಿ ಓಡುವ ಪುಟ್ಟ ಏಡಿಗಳು. ಮೋಡ ಇಳಿದು ದಾರಿ ಮುಚ್ಚುವುದು, ಮತ್ತೆ ತೆರೆಯುವುದು. ನನಗೆ ಅದು ಬಹಳ ಇಷ್ಟವಾಯಿತು ಎಂದು ಹೇಳಲೇಬೇಕು. ಇಷ್ಟವಾದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟೂ ಬಂತು. ಬಿಟ್ಟುಹೋಗುವವಳು ಊರಿನ ಚೆಂದ ನೋಡಬಾರದು.

ಕೊನೆಗೆ ದೊಡ್ಡದು ಬಂತು. ಕರಿಬಂಡೆಯ ತುದಿಯಿಂದ ನೀರು ಬಿದ್ದು, ಹೊಗೆಯಾಗಿ ನಮ್ಮ ಮುಖಕ್ಕೆ ಹೊಡೆಯುತ್ತಿತ್ತು. ಅದರ ಬುಡಕ್ಕೆ ಹೋಗಬೇಕಾದರೆ ಹೊಳೆ ದಾಟಬೇಕು. ಕೆಲವರು ಕೈಕೈ ಹಿಡಿದು ದಾಟುತ್ತಿದ್ದರು. ನಾವು ಈಚೆ ದಡದಲ್ಲಿ ನಿಂತೆವು. ಮನೆಯವರು ಬಹಳ ಹೊತ್ತು ನೀರನ್ನೇ ನೋಡಿದರು. ಆಮೇಲೆ ನನ್ನ ಕಡೆ ಬಾಗಿ, ಆ ಗದ್ದಲದಲ್ಲಿ ಏನೋ ಕೇಳಿದರು. ನನಗೆ ಕೇಳಿಸಿದ್ದು ಇಷ್ಟು: ‘ಹೊಳಿ... ಬರ್ತೀ, ಹೌದಿಲ್ಲೋ?’

ಅಷ್ಟರಲ್ಲಿ ನಾನು ಸ್ವಲ್ಪ ಪಂಡಿತೆಯಾಗಿದ್ದೆ. ಇವರು ಮನೆಗೆ ಮನಿ ಅನ್ನುತ್ತಾರೆ, ಹೊಳೆಗೆ ಹೊಳಿ ಅನ್ನುತ್ತಾರೆ ಎಂದು ಕಲಿತಿದ್ದೆ. ನಡುವಿನ ‘ಗೆ’ಯನ್ನು ನೀರಿನ ಸದ್ದು ನುಂಗಿರಬೇಕು. ಹೊಳೆಗೆ ಬರ್ತೀಯಾ ಅನ್ನುತ್ತಿದ್ದಾರೆ! ಅತ್ತೆ ಅಷ್ಟು ಹೇಳಿದ್ದರೂ! ನನಗೆ ಈಜು ಬರದು, ನೀರೆಂದರೆ ಕೈಕಾಲು ತಣ್ಣಗಾಗುತ್ತದೆ. ಅವರಿಗೆ ಕೇಳಿಸಲೆಂದು ಗಟ್ಟಿಯಾಗಿ ಕೂಗಿದೆ:

‘ಇಲ್ಲಾರೀ, ನಾನು ಬರಲ್ಲ! ನನ್ ಕೈಲಾಗಲ್ಲ. ಬಲವಂತ ಮಾಡ್ಬೇಡಿ. ನೀವೊಬ್ರೇ ಹೋಗಿ, ನಾನೇನೂ ಅಂದ್ಕೊಳಲ್ಲ!’

ಅವರು ನನ್ನನ್ನು ನೋಡಿದರು. ‘ಆತು’ ಎಂದರು. ಹೊಳೆಗೇನೂ ಇಳಿಯಲಿಲ್ಲ. ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ನನ್ನ ಕೈಗೆ ಕೊಟ್ಟು, ತಾವು ಒಂದು ತುಂಡನ್ನೇ ಬಹಳ ಹೊತ್ತು ಅಗಿಯುತ್ತಿದ್ದರು. ಇಳಿಯುವಾಗ ಒಂದೂ ಮಾತಿಲ್ಲ. ಜಾರುವಲ್ಲಿ ಕೈ ಕೊಡುತ್ತಿದ್ದರು, ದಾಟಿಸಿ ಬಿಡುತ್ತಿದ್ದರು. ಒಂದು ಹೊಳೆಗೆ ಇಳಿಯಲಿಲ್ಲವೆಂದು ಇಷ್ಟು ಮುನಿಸೇ? ಇಂಥವರ ಜೊತೆ ಜೀವನ ಪೂರ್ತಿ ಹೇಗಪ್ಪಾ ಎಂದು ನಾನೂ ಒಳಗೇ ಕುದಿಯುತ್ತ ಇಳಿದೆ.

ಕೆಳಗೆ ಅಜ್ಜಿ ತೆನೆ ಸುಟ್ಟು, ನಿಂಬೆಹೋಳಿನಿಂದ ಉಪ್ಪುಖಾರ ಸವರಿ ಕೊಟ್ಟಳು. ನನ್ನ ಕಾಲಿನ ದೊಡ್ಡ ಬೂಟನ್ನೂ ಅವರ ಬರಿಗಾಲನ್ನೂ ನೋಡಿ ಬಾಯ್ತುಂಬ ನಕ್ಕಳು. ನಾವು ಹೊರಡುವಾಗ ಕೈಯೆತ್ತಿ, ‘ಪರತ್ ಯಾ ಹಂ, ದೋಘಂ!’ ಎಂದಳು.

‘ಏನಂದ್ರು?’ ಎಂದೆ. ಮೌನ ಮುರಿಯಲು ನನಗೂ ಒಂದು ನೆವ ಬೇಕಿತ್ತು.

‘ಇಬ್ರೂ ಹೊಳ್ಳಿ ಬರ್ರಿ ಅಂತಾಳ.’

ನನ್ನ ತಾಳ್ಮೆ ಕೆಟ್ಟಿತು. ‘ಇವರಿಗೂ ಹೊಳೆ ಚಿಂತೆನಾ? ನಿಮ್ಮ ಕಡೆಯವರಿಗೆಲ್ಲ ನನ್ನ ನೀರಿಗೆ ಇಳಿಸದೇ ಇದ್ರೆ ಸಮಾಧಾನ ಇಲ್ವಾ?’

‘ಯಾವ ಹೊಳಿ?’

‘ಆಗಿಂದ ನೀವೇ ಕರೀತಿದ್ರಲ್ಲ, ಹೊಳಿಗೆ ಬರ್ತೀಯಾ, ಹೊಳಿಗೆ ಬರ್ತೀಯಾ ಅಂತ!’

ಅವರು ತೆನೆ ಹಿಡಿದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿದರು. ‘ಹೊಳಿ ಅಲ್ಲ,’ ಎಂದರು ನಿಧಾನವಾಗಿ, ‘ಹೊಳ್ಳಿ. ಹೊಳ್ಳಿ ಅಂದ್ರ... ತಿರುಗಿ. ವಾಪಸ್. ನಿಮ್ಮ ಕಡೆ ಏನಂತಾರ, ಮತ್ತೆ ಬರ್ತೀಯಾ ಅಂತ. ನಾ ಕೇಳಿದ್ದು ಅದು. ಮೈಸೂರಿಂದ ಹೊಳ್ಳಿ ಬರ್ತೀ ಹೌದಿಲ್ಲೋ ಅಂತ. ಪೆಟಿಗ್ಯಾಗ ಸ್ವೆಟರ್ ನೋಡಿದೆ ನಾ.’

‘ಹಂಗಾದ್ರ ನೀ ಬರಂಗಿಲ್ಲ ಅಂದದ್ದು?’ ಎಂದರು. ‘ನೀರಿಗೆ’ ಎಂದೆ. ಅವರು ನಕ್ಕರು ನೋಡಿ, ಅಷ್ಟು ದಿನದ ನಗುವೆಲ್ಲ ಸೇರಿಸಿ ನಕ್ಕರು. ಏನೂ ತಿಳಿಯದ ಅಜ್ಜಿಯೂ ನಕ್ಕಳು. ನಾನೂ ನಗುತ್ತ ನಗುತ್ತ ಅಳಲು ಶುರುಮಾಡಿದೆ. ತಪ್ಪು ಪ್ರಶ್ನೆಗೆ ನಾನು ಕೊಟ್ಟ ಉತ್ತರ, ಸರಿಯಾದ ಪ್ರಶ್ನೆಗೂ ನನ್ನ ನಿಜವಾದ ಉತ್ತರವೇ ಆಗಿತ್ತಲ್ಲ!

‘ಹಂಗಾದ್ರ ಈಗ ಕೇಳ್ಲಿ?’ ಎಂದರು ಮನೆಯವರು.

‘ಕೇಳ್ಬೇಡಿ. ನಂಗೇ ಗೊತ್ತಿಲ್ಲ.’

‘ಆತು. ಗೊತ್ತಾದಾಗ ಹೇಳು. ಅವಸರೇನಿಲ್ಲ.’

ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತು, ಅವರ ಒದ್ದೆ ರೇನ್‌ಕೋಟಿನ ಬೆನ್ನಿಗೆ ನಾನು ಮಾತಾಡಿದ್ದೇ ಮಾತಾಡಿದ್ದು. ತಟ್ಟೆ ಹಚ್ಚಿದ್ದು, ಫೋನು ಹಚ್ಚಿದ್ದು, ನನ್ನ ಕನ್ನಡ ಕೇಳಲು ಜನ ಸೇರುವುದು, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು. ಗಾಳಿಯಲ್ಲಿ ಎಷ್ಟು ಕೇಳಿಸಿತೋ, ನಾನು ನಿಲ್ಲಿಸಿದಾಗಲೆಲ್ಲ ‘ಹೂಂ, ಮುಂದ?’ ಎನ್ನುತ್ತಿದ್ದರು. ಪುಣೆಗೆ ಬಂದಮೇಲೆ ನನ್ನದೇ ಕನ್ನಡದಲ್ಲಿ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಸ್ವೆಟರನ್ನು ನಾನು ಪೆಟ್ಟಿಗೆಯಿಂದ ತೆಗೆಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಮೈಸೂರಿಗೆ ಹೋದೆ. ಮನೆಯವರು ದಿನಾ ಫೋನ್ ಮಾಡಿ ಏನು ಉಂಡೆ, ಮಳೆ ಬಂತೇ ಎಂದು ಕೇಳುತ್ತಿದ್ದರು. ಆ ಒಂದು ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಅಲ್ಲಿ ಎಲ್ಲರೂ ನನ್ನ ಹಾಗೇ ಮಾತಾಡುತ್ತಿದ್ದರು, ನಾನು ಬಾಯಿ ಬಿಟ್ಟರೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಅದಕ್ಕಾಗಿಯೇ ಹೋದವಳಿಗೆ, ಯಾಕೋ ಏನೋ, ಫೋನು ಬರುವ ಹೊತ್ತಿಗೆ ಕಿವಿ ಅದರ ಕಡೆಗೇ ಇರುತ್ತಿತ್ತು. ಆಷಾಢ ಮುಗಿಯುತ್ತ ಬಂದಾಗ ಅಮ್ಮ, ಸೊಪ್ಪು ಬಿಡಿಸುತ್ತ, ‘ಏನೇ ನಿನ್ ಯೋಚನೆ?’ ಎಂದಳು. ಅವಳಿಗೂ ಸ್ವೆಟರು ಕಂಡಿತ್ತೆಂದು ತೋರುತ್ತದೆ.

‘ಹೊಳ್ಳಿ ಹೋಗ್ತೀನಮ್ಮಾ’ ಎಂದೆ.

‘ಹೊಳೆಗಾ? ಈ ಮಳೇಲಿ ಯಾವ ಹೊಳೆಗೇ?’ ಅಮ್ಮ ಗಾಬರಿಯಾಗಿ ಸೊಪ್ಪು ಕೆಳಗಿಟ್ಟಳು. ಆಗಲೇ ನನಗೂ ಕೇಳಿಸಿದ್ದು, ನನ್ನ ಬಾಯಲ್ಲಿ ಬಂದ ಮಾತು ಯಾವುದೆಂದು.

ಅಂತೂ ಬಂದೆ. ಈಗ ನಾನು ಫೋನೂ ಹಚ್ಚುತ್ತೇನೆ, ಫ್ಯಾನೂ ಹಚ್ಚುತ್ತೇನೆ. ಅತ್ತೆ ತರಕಾರಿಯವನ ಹತ್ತಿರ ಮರಾಠಿಯಲ್ಲಿ ಜಗಳವಾಡಿ ಬಂದು, ‘ಮೋಸ ಮಾಡ್ತಾನ ಕಣ್ರೀ’ ಎನ್ನುತ್ತಾರೆ. ಈ ಕತೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ, ಹೇಳುವಾಗಲೆಲ್ಲ ಬಿಟ್ಟುಹೋಗುವವಳು ನಾನು, ಮನಸ್ಸು ಬದಲಿಸಿ ಬಂದವಳೂ ನಾನು. ದೊಡ್ಡತನವೆಲ್ಲ ನನ್ನದೇ.

ಇವತ್ತು ಬೆಳಿಗ್ಗೆಯೂ ಬೂಟಿನ ಮುಂದೆ ನಿಂತಿದ್ದೆ. ಹೆಲ್ಮೆಟ್ ಮರೆತು ಲಿಫ್ಟಿನಿಂದ ವಾಪಸು ಬಂದ ಮನೆಯವರು, ‘ಏನ್ ನಿಂತೀ ಇಲ್ಲೆ, ಮೂಗು ಸತ್ತದೇನು?’ ಎಂದರು. ಯಾಕೋ ಇಷ್ಟು ವರ್ಷ ಕೇಳದ ಮಾತು ಬಾಯಿಗೆ ಬಂತು. ‘ಅವತ್ತು ಧಬಧಬಾದಿಂದ ಇಳಿಯೋವಾಗ ಒಂದು ಮಾತೂ ಆಡಲಿಲ್ಲವಲ್ಲ, ಅಷ್ಟು ಸಿಟ್ಟು ಬಂದಿತ್ತಾ ನನ್ನ ಮೇಲೆ?’

‘ಸಿಟ್ಟೆಲ್ಲೀದು?’ ಅವರು ಹೆಲ್ಮೆಟ್ಟಿನ ಪಟ್ಟಿ ಸಿಕ್ಕಿಸುತ್ತ ಹೇಳಿದರು. ‘ಮೈಸೂರಾಗ ನನಗ ಯಾರು ನೌಕರಿ ಕೊಡ್ತಾರ ಅಂತ ವಿಚಾರ ಮಾಡ್ಲಿಕ್ಕೆ ಹತ್ತಿದ್ದೆ.’

‘ಮೈಸೂರಲ್ಲಾ?’

‘ಮತ್ತ? ನೀ ಬರಂಗಿಲ್ಲ ಅಂದಿ. ಹಂಗಾದ್ರ ನಾನ ಬರಬೇಕಾಗ್ತದಲಾ. ಅವ್ವಗ ಅಲ್ಲೆ ಚಲೋ ಜ್ವಾಳ ಸಿಗ್ತದೋ ಇಲ್ಲೋ, ಅದೊಂದ ಚಿಂತಿ ಆಗಿತ್ತು.’

ಲಿಫ್ಟು ಬಂತು. ಅವರು ಎಂದಿನಂತೆ ಮೂಗು ಹಿಡಿದುಕೊಂಡು ಒಳಗೆ ಹೋದರು. ನಾನು ಅಲ್ಲೇ ನಿಂತೆ. ಹೋಗಲೋ ಬೇಡವೋ ಎಂದು ನಾನು ಒಂದು ತಿಂಗಳು ಪೂರ್ತಿ ತೂಗಿದ್ದೆ. ಅವರು ಬೆಟ್ಟ ಇಳಿದು ಮುಗಿಸುವುದರೊಳಗೆ, ಬರಿಗಾಲಿನಲ್ಲಿ, ನನ್ನ ಊರಿಗೆ ಹೊರಟಾಗಿತ್ತು.