ಮೆಲ್ಲಗೆ ಓದುವ ಪಾಠ

ತೊಂಬತ್ತರ ದಶಕದಲ್ಲಿ ತಳಕಿನ ಶಾಲೆಯಲ್ಲಿ ನಮಗೆ ಇತಿಹಾಸ ಹೇಳುತ್ತಿದ್ದ ಮೇಷ್ಟ್ರು, ಸ್ಪೇನಿನವರು ಅಮೆರಿಕಕ್ಕೆ ಹೋದ ಪಾಠದ ದಿನ ಮಾತ್ರ ಗುಡಿಗೆ ಬಂದವರಂತೆ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಬರುತ್ತಿದ್ದರು. ಹಡಗಿನ ಜೊತೆ ಸಿಡುಬೂ ಹೋಗಿ ಅಲ್ಲಿ ಊರಿಗೆ ಊರೇ ಬರಿದಾದ ಸಾಲು ಬಂದಾಗ, ಚಿಕ್ಕಂದಿನಲ್ಲಿ ಅದೇ ಸಿಡುಬೆದ್ದು ಕುಳಿಬಿದ್ದ ತಮ್ಮ ಕೆನ್ನೆ ಸವರಿಕೊಂಡು, "ಮೆಲ್ಲಗೆ ಓದ್ರೋ, ಗೌರಸಮುದ್ರದ ಮಾರಮ್ಮ ಕೇಳಿಸ್ಕಂತಾಳೆ" ಎನ್ನುತ್ತಿದ್ದರು. ಬೋರ್ಡಿನ ಮೇಲೆ, ಅಮ್ಮನದೇ ಎಂದು ಊರವರು ನಂಬಿದ್ದ ಆ ರೋಗದ ಹೆಸರಿನ ಜಾಗವನ್ನು ಖಾಲಿ ಬಿಡುತ್ತಿದ್ದರು.

ಒಮ್ಮೆ ನನ್ನ ಪಕ್ಕದ ಹುಡುಗಿ ಆ ಹೆಸರನ್ನು ಗಟ್ಟಿಯಾಗಿ ಓದಿಬಿಟ್ಟಳು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು.

"ಅದು ಈಗ ಎಲ್ಲೂ ಇಲ್ವಂತಲ್ಲ ಸಾರ್," ಎಂದಳು ಅವಳು.

"ಹಡಗು ಬರೋ ಹಿಂದಿನ ದಿನ ಅಲ್ಲಿಯೋರ ಊರಾಗೂ ಇರ್ಲಿಲ್ಲ ಕಣವ್ವ," ಎಂದರು.

ಬೆಂಚುಗಳ ಕೆಳಗೆ ಒಬ್ಬೊಬ್ಬರಾಗಿ ನಾವೂ ಚಪ್ಪಲಿ ಕಳಚಿದೆವು.